ಬೀಡಾಡಿ ಕತ್ತೆಗಳ ಮೇವು ತಿಳಿಯೋಕೆ ನಾನು ಲದ್ದಿ ತೊಳೆಯೋದು ಹೀಗೆ

ಒಣ ಹುಲ್ಲುಗಾವಲಿನಲ್ಲಿ ಬೀಡಾಡಿ ಕತ್ತೆಗಳು ಏನು ತಿನ್ನುತ್ತವೆ ಅಂದರೆ ಎಲ್ಲರೂ ಥಟ್ಟನೆ ಹುಲ್ಲು ಅಂತಾರೆ. ಮಳೆ ಬಿದ್ದ ಮೇಲೆ ಆ ಮಾತು ನಿಜ, ಜೊತೆಗೆ ಆಗಷ್ಟೇ ಚಿಗುರಿದ ಸೊಪ್ಪುಗಿಡಗಳನ್ನೂ ಮೇಯುತ್ತವೆ. ನೆಲ ಒಣಗುತ್ತಾ ಹೋದಂತೆ ಪೊದೆಯ ಎಲೆ, ಎಳೆ ಕಡ್ಡಿ, ಜಾಲಿ ಜಾತಿಯ ಕಾಯಿಗಳು, ಕೊನೆಗೆ ಮರದ ತೊಗಟೆಯೂ ಹೊಟ್ಟೆ ಸೇರುತ್ತದೆ.

ಮೊದಲು ಬೈನಾಕ್ಯುಲರ್ ಹಿಡಿದು ದೂರ ಕೂರುತ್ತೇನೆ. ಆದರೆ ತಲೆ ತಗ್ಗಿಸಿದ ಕತ್ತೆ ಹುಲ್ಲೇ ತಿನ್ನುತ್ತಿದೆ ಅಂತೇನಿಲ್ಲ, ಹುಲ್ಲಿನ ನಡುವಿನ ಸೊಪ್ಪನ್ನು ತುಟಿಯಲ್ಲೇ ಆರಿಸಿಕೊಳ್ಳುತ್ತಿರಬಹುದು. ಅದಕ್ಕೇ ಗುಂಪು ಮುಂದೆ ಹೋದ ಮೇಲೆ ಅದೇ ಜಾಗಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತು ಯಾವ ಗಿಡವನ್ನು ಎಲ್ಲಿ ಕಚ್ಚಿದೆ ಅಂತ ನೋಡುತ್ತೇನೆ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಕತ್ತೆಗೆ ಮೇಲೂ ಇವೆ, ಕೆಳಗೂ ಇವೆ. ಹಾಗಾಗಿ ಅದು ಬುಡದ ತನಕ ಕಚ್ಚಿ ಕತ್ತರಿಸಬಲ್ಲದು.

ನಿಜವಾದ ಕೆಲಸ ಲದ್ದಿಯಲ್ಲಿದೆ. ಇನ್ನೂ ಹಸಿಯಾಗಿರೋದನ್ನೇ ಆರಿಸುತ್ತೇನೆ, ಬೇರೆ ಬೇರೆ ಕಡೆಯಿಂದ ಸ್ವಲ್ಪ ಸ್ವಲ್ಪ. ದೊಡ್ಡ ರಾಶಿ ಸಿಕ್ಕಿತು ಅಂತ ಸುಮ್ನೆ ಖುಷಿಪಡಬೇಡಿ, ಗಂಡು ಕತ್ತೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಲದ್ದಿ ಹಾಕುತ್ತದೆ, ಇಡೀ ರಾಶಿ ಅದೊಂದರದ್ದೇ ಇರಬಹುದು. ಒಣಗಿಸಿ, ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಚೂರನ್ನು ಸ್ಲೈಡ್ ಮೇಲೆ ಹರಡುತ್ತೇನೆ. ಮೆಲುಕು ಹಾಕುವ ಪ್ರಾಣಿಯಲ್ಲವಲ್ಲ, ಚೂರುಗಳು ಸಾಕಷ್ಟು ದೊಡ್ಡವೇ ಸಿಗುತ್ತವೆ. ಹುಲ್ಲಿನ ಸಿಪ್ಪೆ, ಅಂದರೆ ಎಲೆಯ ತೆಳು ಹೊರಪದರವಾದರೆ ಮೈಕ್ರೋಸ್ಕೋಪಿನಲ್ಲಿ ಜೀವಕೋಶಗಳು ನೆಟ್ಟಗೆ ಸಾಲುಗಟ್ಟಿರುತ್ತವೆ, ಪತ್ರರಂಧ್ರದ (ಎಲೆ ಉಸಿರಾಡುವ ಸಣ್ಣ ತೂತಿನ) ಎರಡೂ ಬದಿಯ ಕೋಶಗಳು ಡಂಬೆಲ್ ಆಕಾರದಲ್ಲಿರುತ್ತವೆ. ಅಗಲ ಎಲೆಯ ಗಿಡದ್ದಾದರೆ ಸಾಲೇ ಇರೋದಿಲ್ಲ, ಕೋಶಗಳ ಅಂಚೆಲ್ಲ ಅಂಕುಡೊಂಕು. ಯಾವ ಗಿಡ ಅಂತ ಹೇಳಬೇಕಾದರೆ ಆ ಜಾಗದ ಗಿಡಗಳ ಎಲೆಯನ್ನೇ ತಂದು ಮಾದರಿ ಸ್ಲೈಡ್ ಮೊದಲೇ ಮಾಡಿಟ್ಟುಕೊಂಡಿರಬೇಕು. ಬೇಜಾರಿನ ಕೆಲಸ, ಆದರೆ ಅದಿಲ್ಲದೆ ಉಳಿದದ್ದೆಲ್ಲ ಊಹೆ.

ಒಂದು ತೊಡಕಿದೆ. ಎಳೆ ಸೊಪ್ಪು ಹೊಟ್ಟೆಯಲ್ಲೇ ಕರಗಿಹೋಗುತ್ತದೆ, ಒರಟು ಹುಲ್ಲಿನ ಸಿಪ್ಪೆ ಉಳಿಯುತ್ತದೆ. ಹಾಗಾಗಿ ಲದ್ದಿಯ ಲೆಕ್ಕದಲ್ಲಿ ಹುಲ್ಲು ಯಾವಾಗಲೂ ಸ್ವಲ್ಪ ಜಾಸ್ತಿಯೇ ಕಾಣುತ್ತದೆ. ಕಣ್ಣಾರೆ ಕಂಡದ್ದನ್ನು ಪಕ್ಕದಲ್ಲಿಟ್ಟೇ ಅದನ್ನು ಓದಬೇಕು.

ಇನ್ನು ನೀರಿನ ಹತ್ತಿರ ಸಿಕ್ಕಿದ ಲದ್ದಿ ಅಲ್ಲಿನ ಮೇವನ್ನೇ ಹೇಳುತ್ತದೆ ಅಂದುಕೊಳ್ಳಬೇಡಿ. ದೇಹತೂಕದ ಶೇ. 30ರಷ್ಟು ನೀರು ಕಳೆದುಕೊಂಡರೂ ತಾಳಿಕೊಳ್ಳುವ ಪ್ರಾಣಿ ಇದು, ನೀರು ಬಿಟ್ಟು ದೂರ ಹೋಗಿ ಮೇಯುತ್ತದೆ. ತಿಂದದ್ದು ಹೊರಬರೋಕೆ ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಅದು ಎಲ್ಲೆಲ್ಲಿ ತಿರುಗಿರುತ್ತದೋ!