ಎದೆ ಕೊಯ್ಯದೆ ಹೃದಯದ ತೂತು ಮುಚ್ಚುವುದು ಹೇಗೆ?

ಶಾಲೆಯ ತಪಾಸಣೆಯಲ್ಲಿ ‘ಹೃದಯದಲ್ಲಿ ತೂತಿದೆ’ ಎಂದು ಚೀಟಿ ಬಂದರೆ ಶಿರಸಿಯಾಗಲಿ ಕಾರವಾರವಾಗಲಿ, ಮನೆಯವರ ಮೊದಲ ಪ್ರಶ್ನೆ ‘ಎದೆ ಕೊಯ್ಯಬೇಕಾ?’ ತೂತು ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿದ್ದರೆ, ಅಂದರೆ ಎಎಸ್‌ಡಿ ಆಗಿದ್ದರೆ, ಹಲವರಿಗೆ ಬೇಡ. ಬೇಕೋ ಬೇಡವೋ ಎಂಬುದನ್ನು ತೂತಿನ ಗಾತ್ರದಷ್ಟೇ ಅದರ ಸುತ್ತಲಿನ ಅಂಚೂ ಹೇಳುತ್ತದೆ.

ಎದೆ ಕೊಯ್ಯದೆ, ತೊಡೆಯ ಸಿರೆಯ ಮೂಲಕ ಒಯ್ದು ತೂತಿಗೆ ಕೂರಿಸುವ ಮುಚ್ಚಳಕ್ಕೆ ‘ಡಿವೈಸ್’ ಎನ್ನುತ್ತಾರೆ. ಗೋಡೆಯ ನಡುಭಾಗದ ‘ಸೆಕಂಡಮ್’ ತೂತಿಗೆ ಅದು ಕೂರುತ್ತದೆ. ಕವಾಟಕ್ಕೆ ಅಂಟಿಕೊಂಡ ‘ಪ್ರೈಮಮ್’ ತೂತಿಗೆ ಶಸ್ತ್ರಚಿಕಿತ್ಸೆಯೇ ದಾರಿ. ಡಿವೈಸ್ ಕೂರಲು ತೂತಿನ ಸುತ್ತ ಸುಮಾರು 5 ಮಿ.ಮೀ. ಅಂಚಿರಬೇಕು. ಮಹಾಪಧಮನಿಯ ಬದಿ ಅಂಚು ಕಡಿಮೆಯಿದ್ದರೂ ಎಷ್ಟೋ ಸಲ ಮಾಡುತ್ತಾರೆ. ಕೆಳಗಿನ ಮಹಾಸಿರೆಯ ಬದಿ ಇಲ್ಲದಿದ್ದರೆ ಡಿವೈಸ್‌ಗೆ ಹಿಡಿತ ಸಿಗದೆ ಜಾರುತ್ತದೆ. ಹಾಗಾಗಿ ಬರೀ ‘ಎಎಸ್‌ಡಿ 18 ಮಿ.ಮೀ.’ ಎಂದಿರುವ ಎಕೋ (ಹೃದಯದ ಸ್ಕ್ಯಾನ್) ವರದಿ ಅರ್ಧ ವರದಿ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೊರಡುವ ಮೊದಲು ಅಂಚು, ಹೃದಯದ ಬಲಭಾಗದ ಹಿಗ್ಗುವಿಕೆ, ಶ್ವಾಸಕೋಶದ ಒತ್ತಡ ಮೂರನ್ನೂ ಬರೆಸಿಕೊಳ್ಳಿ. ಒತ್ತಡ ಮಿತಿಮೀರಿ ರಕ್ತ ಬಲದಿಂದ ಎಡಕ್ಕೆ ತಿರುಗಿ ಹರಿಯುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ತೂತನ್ನು ಮುಟ್ಟುವಂತಿಲ್ಲ. ಬಲಭಾಗಕ್ಕೆ ಅದೊಂದೇ ಹೊರದಾರಿ.

ಮಾಡುವ ವಿಧಾನ ಹೀಗೆ. ಬಲ ತೊಡೆಸಂದಿನ ಸಿರೆಗೆ ಸೂಜಿ ಹಾಕಿ, ರಕ್ತ ಹೆಪ್ಪುಗಟ್ಟದಂತೆ ಕಿಲೋಗೆ ಸುಮಾರು 100 ಯೂನಿಟ್ ಹೆಪಾರಿನ್ ಕೊಡುತ್ತಾರೆ. ಕ್ಯಾಥೆಟರ್ ಎಂಬ ತೆಳು ಕೊಳವೆ ತೂತು ದಾಟಿ ಎಡ ಮೇಲಿನ ಶ್ವಾಸಕೋಶದ ಸಿರೆ ಸೇರುತ್ತದೆ. ಅಲ್ಲಿ ಗಟ್ಟಿ ತಂತಿ ಬಿಡುತ್ತಾರೆ. ಎಷ್ಟೋ ಕಡೆ ಅದರ ಮೇಲೆ ಬಲೂನು ಏರಿಸಿ ತೂತನ್ನು ಅಳೆಯುತ್ತಾರೆ. ತೂತಿನ ಮೂಲಕ ಹರಿಯುವ ರಕ್ತವನ್ನು ಎಕೋದಲ್ಲಿ ತೋರಿಸುವ ಬಣ್ಣದ ಹರಿವು ನಿಂತ ಕೂಡಲೇ ಉಬ್ಬಿಸುವುದನ್ನು ನಿಲ್ಲಿಸಬೇಕು. ಇನ್ನಷ್ಟು ಉಬ್ಬಿಸಿದರೆ ತೂತು ಹಿಗ್ಗಿ ಅಳತೆ ಸುಳ್ಳಾಗುತ್ತದೆ, ಡಿವೈಸ್ ದೊಡ್ಡದಾಗುತ್ತದೆ, ಅದು ಮಹಾಪಧಮನಿಗೆ ಉಜ್ಜತೊಡಗಬಹುದು.

ಡಿವೈಸ್ ಎಂದರೆ ನಿಕ್ಕಲ್-ಟೈಟಾನಿಯಮ್ ತಂತಿಯ ಎರಡು ತಟ್ಟೆ, ನಡುವೆ ಸೊಂಟ. ಸೊಂಟದ ಅಳತೆಯೇ ಅದರ ನಂಬರು. ಆಂಪ್ಲಾಟ್ಜರ್ ಮಾದರಿಯ 20ರ ಡಿವೈಸ್‌ಗೆ ಎಡ ತಟ್ಟೆ 34 ಮಿ.ಮೀ. ಎಳೆಯ ಹೃದಯದಲ್ಲಿ ಅಷ್ಟು ಜಾಗವೆಲ್ಲಿ? ಮಗು ಸ್ವಲ್ಪ ಬೆಳೆಯಲಿ ಎಂದು ವೈದ್ಯರು ಕಾಯಿಸುವುದಕ್ಕೆ ಇದೂ ಒಂದು ಕಾರಣ.

ಗಾಳಿಯೇ ಇಲ್ಲಿ ದೊಡ್ಡ ಶತ್ರು. ಸಲೈನ್ ಬಟ್ಟಲಲ್ಲಿ ಮುಳುಗಿಸಿಕೊಂಡೇ ಡಿವೈಸನ್ನು ಕೊಳವೆಯೊಳಗೆ ಎಳೆದು, ಒಂದು ಗುಳ್ಳೆಯೂ ಏಳದ ತನಕ ತೊಳೆಯುತ್ತಾರೆ. ತೊಡೆಯಿಂದ ಹೃದಯದ ತನಕ ಹಾಕಿದ ಉದ್ದ ಕೊಳವೆಯ ಹೊರತುದಿಯನ್ನು ಹೃದಯದ ಮಟ್ಟಕ್ಕಿಂತ ಕೆಳಗೆ ಹಿಡಿದು ರಕ್ತ ತಾನಾಗಿ ತೊಟ್ಟಿಕ್ಕಲು ಬಿಡುತ್ತಾರೆ. ಅವಸರ ಮಾಡಿದರೆ ಗುಳ್ಳೆ ನೇರ ಎಡಭಾಗಕ್ಕೆ ಹೋಗುತ್ತದೆ. ಅಂಗಾತ ಮಲಗಿದವರಲ್ಲಿ ಬಲ ಹೃದಯಧಮನಿಯ ಬಾಯಿ ಮೇಲ್ಮುಖವಾಗಿರುವುದರಿಂದ ಹೆಚ್ಚಾಗಿ ಅಲ್ಲಿಗೇ ಸೇರಿ ಇಸಿಜಿ ಏರುಪೇರಾಗುತ್ತದೆ; ಮಿದುಳಿಗೆ ಹೋದರೆ ಲಕ್ವ.

ಎಡಕೋಣೆಯಲ್ಲಿ ಮೊದಲ ತಟ್ಟೆ ಬಿಡಿಸಿ, ಗೋಡೆಗೆ ತಾಗುವಂತೆ ಎಳೆದು, ಸೊಂಟವನ್ನೂ ಬಲ ತಟ್ಟೆಯನ್ನೂ ಬಿಡಿಸುತ್ತಾರೆ. ಆಮೇಲೆ ಮೆಲ್ಲಗೆ ನೂಕಿ, ಎಳೆದು ನೋಡುತ್ತಾರೆ. ಕವಾಟಕ್ಕೆ ತಾಗುತ್ತಿದೆಯೇ, ಅಂಚು ಎರಡು ತಟ್ಟೆಗಳ ನಡುವೆ ಸಿಕ್ಕಿದೆಯೇ ಎಂದು ಎಕೋ ಹೇಳಬೇಕು. ಸಂಶಯವಿದ್ದರೆ ಅದನ್ನು ಕೊಳವೆಯೊಳಕ್ಕೆ ವಾಪಸ್ ಎಳೆದುಕೊಳ್ಳಬಹುದು. ಡಿವೈಸನ್ನು ಹಿಡಿದಿರುವ ಕೇಬಲ್ಲಿನ ತಿರುಪು ಬಿಚ್ಚಿದ ಮೇಲೆ ಆ ಸಲೀಸಿಲ್ಲ.

ಡಿವೈಸ್ ಕಳಚಿಕೊಳ್ಳುವುದು ಹೆಚ್ಚಾಗಿ ಮೊದಲ 24 ಗಂಟೆಯೊಳಗೆ. ಊರಿನ ಬಸ್ಸು ತಪ್ಪಿದರೂ ಸರಿ, ಮರುದಿನದ ಎಕೋ ಬಿಡಬೇಡಿ. ಅಡಕೆ ಕೊನೆಕೊಯ್ಲಿಗೆ ಮರ ಹತ್ತುವುದು, ರಂಪಣಿ ಬಲೆ ಎಳೆಯುವುದು ವೈದ್ಯರು ಹೂಂ ಅನ್ನುವ ತನಕ ಬೇಡ. ಸಾಮಾನ್ಯವಾಗಿ 6 ತಿಂಗಳು ಆಸ್ಪಿರಿನ್ ಇರುತ್ತದೆ. ಈ ನಡುವೆ ಜ್ವರ ಬಂದರೆ ಆಸ್ಪಿರಿನ್ ನುಂಗುತ್ತಿರುವುದನ್ನು ಮೊದಲು ಹೇಳಿ: ಡೆಂಗಿ, ಮಂಗನ ಕಾಯಿಲೆಗಳಲ್ಲಿ ಅದು ರಕ್ತಸ್ರಾವ ಹೆಚ್ಚಿಸುತ್ತದೆ; ಮಕ್ಕಳಿಗೆ ಸಿಡುಬಿನಂಥ ಗುಳ್ಳೆ ಎದ್ದರೂ ಕೇಳದೆ ಮುಂದುವರಿಸಬಾರದು. ಅದೇ 6 ತಿಂಗಳು ಹಲ್ಲು ಕೀಳಿಸುವುದಿದ್ದರೆ ಮುಂಚೆಯೇ ಆಂಟಿಬಯೋಟಿಕ್ ಬೇಕು. ಎದೆನೋವು, ತಲೆಸುತ್ತು, ಏದುಸಿರು ಬಂದರೆ ಗ್ಯಾಸಿನ ಗುಳಿಗೆ ನುಂಗಿ ಕೂರಬೇಡಿ. ಡಿವೈಸ್ ಹೃದಯದ ಗೋಡೆ ಸವೆಸುವುದು ಬಲು ಅಪರೂಪ, ಆದರೆ ವರ್ಷಗಳ ನಂತರವೂ ಆದದ್ದುಂಟು. ಆಸ್ಪತ್ರೆ ಕೊಟ್ಟ ಡಿವೈಸ್ ಕಾರ್ಡ್ ಹಿಡಿದು ಆ ದಿನವೇ ಎಕೋ ಮಾಡಿಸಿ.