ಅರ್ಕಾವತಿಯ ಮೇಲ್ದಂಡೆಯಲ್ಲಿ ನಾವು ಯೋಜನೆ ಮಾಡಿದ ಬಗೆ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ, ಹೆಸರಘಟ್ಟ ದಾಟಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಬೇಕು. ಆದರೆ ಈಗ ದೊಡ್ಡ ಮಳೆ ಬಿದ್ದರಷ್ಟೇ ಮೇಲ್ದಂಡೆಯಲ್ಲಿ ನೀರು. ಮಳೆ ನೀರನ್ನು ತಡೆದು ಇಂಗಿಸುವ ಯೋಜನೆಗೆ ನಾನು ಕೆಲಸ ಮಾಡಿದ್ದು ದೊಡ್ಡಬಳ್ಳಾಪುರದ ಕಡೆ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲಿನಲ್ಲಿ.

ಊರಿಗೊಂದು ಸಭೆ ಮಾಡಿದರೆ ಎಲ್ಲರೂ ಕೇಳುವುದು ತಮ್ಮೂರ ಹಳ್ಳಕ್ಕೆ ಅಡ್ಡ ಒಂದು ಸಣ್ಣ ಕಟ್ಟೆ, ಅಂದರೆ ಚೆಕ್ ಡ್ಯಾಮ್. ಅದಕ್ಕೇ ಮೇಲಿನ ಊರು, ಕೆಳಗಿನ ಊರು ಎರಡನ್ನೂ ಒಂದೇ ಅಂಗಳಕ್ಕೆ ಕರೆದೆವು. ರಂಗೋಲಿ ಪುಡಿಯಲ್ಲಿ ದಿಣ್ಣೆ, ಕಾಲುವೆ, ಕೆರೆ ಬರೆದರು. ಕಾಲುವೆ ಎಲ್ಲೆಲ್ಲಿ ಮುಚ್ಚಿದೆ ಅಂತ ಸರಿಯಾಗಿ ತೋರಿಸಿದ್ದು ಕುರಿ ಕಾಯುವವರು. ಜಮೀನಿದ್ದವರು ಆ ವಿಷಯದಲ್ಲಿ ಸ್ವಲ್ಪ ಮೌನ!

"ನೀವು ಮೇಲೆ ಕಟ್ಟಿದ್ರೆ ನಮ್ಮ ಕೆರೆಗೇನು ಬರುತ್ತೆ?" ಅಂದರು ಕೆಳಗಿನವರು. "ಇಲ್ಲಿ ಇಂಗಿದ್ರೆ ತಾನೇ ನಿಮ್ಮ ಬೋರ್‌ಗೆ ನೀರು?" ಅಂದರು ಮೇಲಿನವರು. ಇಬ್ಬರದೂ ನಿಜವೇ. ಒಂದು ಎಕರೆಗೆ ಒಂದು ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್, ಒಂದು ಸಣ್ಣ ಟ್ಯಾಂಕರ್. ಟ್ಯಾಂಕರ್ ಲೆಕ್ಕದಲ್ಲಿ ಹೇಳಿದ ಮೇಲೆ ಜಗಳ ಮಾತುಕತೆಯಾಯಿತು. ಕೊನೆಗೆ ದಿಣ್ಣೆಯಲ್ಲಿ ನೀರು ಇಂಗೋಕೆ ಟ್ರೆಂಚ್ (ಉದ್ದನೆಯ ಗುಂಡಿ), ಹೊಲದಲ್ಲಿ ಬದು, ಕಾಲುವೆ ಬಿಡಿಸುವುದು ಮೊದಲು, ಚೆಕ್ ಡ್ಯಾಮ್ ಆಮೇಲೆ ಅಂತಾಯಿತು. ನೀರು ಹೀರುವ ನೀಲಗಿರಿ ಮರದ ಬುಡ ಕೀಳುವ ಖರ್ಚನ್ನೂ ಸೇರಿಸಿದೆವು. 2017ರಲ್ಲಿ ಸರ್ಕಾರ ನೀಲಗಿರಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು, ಸರಿ; ಕಡಿದ ಬುಡ ಮತ್ತೆ ಚಿಗುರುತ್ತಲ್ಲ.

ಅಳತೆಯೇ ನಿಜವಾದ ಕಷ್ಟ. ಕಟ್ಟಿದ್ದೆಷ್ಟು ಅಂತ ಎಣಿಸಿದರೆ ನೀರಿನ ಸುದ್ದಿ ತಿಳಿಯಲ್ಲ. ಬೋರ್‌ನಲ್ಲಿ ಮೋಟರ್ ಎಷ್ಟು ಅಡಿ ಆಳದಲ್ಲಿದೆ ಅಂತ ಕೇಳಿದರೆ ಸುಮ್ನೆ ಅಂದಾಜು ಹೇಳುತ್ತಾರೆ. ಎಷ್ಟು ಪೈಪು ಇಳಿಸಿದ್ದೀರಿ ಅಂತ ಕೇಳಿ. ದುಡ್ಡು ಕೊಟ್ಟವರಿಗೆ ಅದು ಮರೆಯಲ್ಲ. ಪೈಪಿಗೆ 20 ಅಡಿ ಹಿಡಿದು ಗುಣಿಸಿಕೊಂಡರಾಯಿತು. ಮಳೆಗೆ ಮುಂಚೆ ಮೇ ತಿಂಗಳಲ್ಲಿ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ, ಅದೇ ಬೋರ್‌ಗಳ ಮುಂದೆ ಡ್ರಮ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತೆ, ಮೋಟರ್ ಎಷ್ಟು ಹೊತ್ತು ಬಿಡದೆ ಎತ್ತುತ್ತೆ ಅಂತ ನೋಡಿದೆವು. ಶಾಲೆಯ ಮಳೆ ಮಾಪಕವನ್ನು ಮಕ್ಕಳು ಬೆಳಗ್ಗೆ 8.30ಕ್ಕೆ ಓದಿ ಬರೆದರು.

ಇನ್ನೊಂದು ಕೆಲಸ ತಪ್ಪದೆ ಮಾಡಿ. ಏನೂ ಕಾಮಗಾರಿ ಆಗದ ಪಕ್ಕದ ಕೆರೆ ಸಾಲನ್ನೂ ಹೀಗೇ ಅಳೆಯಿರಿ. ಮಳೆ ಜಾಸ್ತಿ ಬಂದ ವರ್ಷ ಎಲ್ಲ ಯೋಜನೆಯೂ ಗೆದ್ದ ಹಾಗೇ ಕಾಣುತ್ತೆ, ಅಲ್ವಾ? ಬೋರ್‌ನಲ್ಲಿ ಏರಿದ ನೀರು ನಮ್ಮ ಬದುವಿನದಾ, ಬರೀ ಮಳೆಯದಾ ಅಂತ ಕೆಳಗಿನ ಊರಿನವರು ಕೇಳಿದಾಗ ನಮ್ಮ ಕೈಯಲ್ಲಿ ತೋರಿಸೋಕೆ ಇದ್ದದ್ದು ಆ ಪಕ್ಕದ ಸಾಲಿನ ಲೆಕ್ಕ ಮಾತ್ರ.