ಮೌಲಾನಾ ಆಜಾದ್ ಫೆಲೋಶಿಪ್ ನಿಂತ ಮೇಲೂ ಪಿಎಚ್‌ಡಿ ನಡೆಸಿದೆ

ಅಕೌಂಟಿಂಗ್‌ನಲ್ಲಿ ಪಿಎಚ್‌ಡಿಗೆ ಸೇರಿದಾಗ ನನ್ನ ಲೆಕ್ಕವೆಲ್ಲ ನಿಂತಿದ್ದು ಅಲ್ಪಸಂಖ್ಯಾತ ಸಮುದಾಯದ ಸಂಶೋಧಕರಿಗೆ ಕೇಂದ್ರ ಕೊಡುತ್ತಿದ್ದ ಮೌಲಾನಾ ಆಜಾದ್ ನ್ಯಾಷನಲ್ ಫೆಲೋಶಿಪ್ ಮೇಲೆ. 2022ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಿರುವುದಾಗಿ ಸರ್ಕಾರ ಲೋಕಸಭೆಯಲ್ಲಿ ಹೇಳಿತು. ಬೇರೆ ಯೋಜನೆಗಳಲ್ಲೂ ಅಲ್ಪಸಂಖ್ಯಾತರಿಗೆ ಹಣ ಸಿಗುತ್ತದೆ ಎಂಬುದು ಕಾರಣ. ಯೋಜನೆ ಎಷ್ಟೇ ಇದ್ದರೂ ಒಬ್ಬರು ಪಡೆಯುವುದು ಒಂದೇ ಫೆಲೋಶಿಪ್ ಅಲ್ವಾ? ಆ ಕಾರಣ ನನಗೆ ಇಂದಿಗೂ ಒಪ್ಪಿಗೆಯಿಲ್ಲ.

'ಗೆಸ್ಟ್ ಲೆಕ್ಚರರ್ ಆಗು, ಪಾರ್ಟ್‌ಟೈಮ್ ಮಾಡ್ಕೋ' ಎಂದರು ಎಲ್ಲರೂ. ಲೆಕ್ಚರರ್ ಅರ್ಹತೆಯ ನೆಟ್ ಪರೀಕ್ಷೆ ಆಗಿತ್ತು, ಅದೇ ಪರೀಕ್ಷೆಯಲ್ಲಿ ಹೆಚ್ಚು ಅಂಕಕ್ಕೆ ಸಿಗುವ ಜೆಆರ್‌ಎಫ್ ಫೆಲೋಶಿಪ್ ಮಾತ್ರ ಪ್ರತಿ ಸಲ ಕಟ್‌ಆಫ್ ಹತ್ತಿರ ತಪ್ಪುತ್ತಿತ್ತು. ಮತ್ತೆ ಬರೆಯುತ್ತೇನೆ ಎಂದಾಗ ಮನೆಯಲ್ಲೂ ಯಾರೂ ನಂಬಲಿಲ್ಲ. ಕಾಮರ್ಸ್‌ನವರು ತಮ್ಮ ವಿಷಯದ ಎರಡನೇ ಪೇಪರನ್ನೇ ಉಜ್ಜುತ್ತಾರೆ. 300ರಲ್ಲಿ 100 ಅಂಕ ಇರುವುದು ಎಲ್ಲರಿಗೂ ಒಂದೇ ಆದ ಮೊದಲ ಪೇಪರ್‌ನಲ್ಲಿ. ನಾನು ಅದನ್ನೇ ಹಿಡಿದೆ, ಜೆಆರ್‌ಎಫ್ ಬಂತು. ನಮ್ಮ ಬ್ಯಾಚ್‌ನಲ್ಲಿ ಬೇರೆ ಯಾರಿಗೂ ಬರಲಿಲ್ಲ.

ತಿಂಗಳಿಗೆ 37,000, ಸಂಶೋಧನೆಯ ಸಣ್ಣಪುಟ್ಟ ಖರ್ಚಿಗೆ ಕೊಡುವ ಕಂಟಿಂಜೆನ್ಸಿ ವರ್ಷಕ್ಕೆ 10,000. ಆದರೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಬರಗಾಲದ ಮಳೆಯ ಹಾಗೆ, ಬಂದರೆ ಒಟ್ಟಿಗೇ. ಒಮ್ಮೆ ಸುಮಾರು ಐದು ತಿಂಗಳು ಏನೂ ಇಲ್ಲ. ಅದಕ್ಕೇ ಖಾತೆಗೆ ಬರುವವರೆಗೆ ಅದನ್ನು ಆದಾಯ ಎಂದು ಬರೆಯಲೇ ಇಲ್ಲ. 'ಬರಬೇಕಾದ ಹಣ' ಎಂದು ಬೇರೆ ಪುಟದಲ್ಲಿಟ್ಟೆ. ಜೆಆರ್‌ಎಫ್‌ಗೆ ಮೊದಲು ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕಿ, ಒಂದಕ್ಕೆ ಐನೂರರಂತೆ, ಐವತ್ತು ಸಾವಿರದ ಆಸುಪಾಸು ಕೂಡಿಸಿದ್ದೆ. ಬಾಡಿಗೆ, ಊಟ ಅದರಲ್ಲೇ ನಡೆಯಿತು. ಹಾಜರಾತಿ ಫಾರ್ಮ್ ಮಾತ್ರ ತಿಂಗಳ ಮೊದಲ ವಾರದಲ್ಲೇ ಗೈಡ್ ಸಹಿ ಹಾಕಿಸಿ ಆಫೀಸಿಗೆ ಕೊಡುತ್ತಿದ್ದೆ. ಫೆಲೋಶಿಪ್ ಪೋರ್ಟಲ್‌ನಲ್ಲಿ ಮೇಕರ್ (ವಿವರ ತುಂಬುವವರು) ಹಾಕಿದರೂ ಚೆಕ್ಕರ್ (ಪರಿಶೀಲಿಸುವವರು) ಒಪ್ಪದಿದ್ದರೆ ಆ ತಿಂಗಳು ಹೋಯಿತು. ಇಬ್ಬರನ್ನೂ ಕೇಳಿಯೇ ಹೊರಡುತ್ತಿದ್ದೆ.

ಡೇಟಾ ಇನ್ನೊಂದು ಖರ್ಚು. ನನ್ನ ವಿಷಯ 2016ರಲ್ಲಿ ಇಂಡ್ ಎಎಸ್ ಎಂಬ ಹೊಸ ಲೆಕ್ಕಪತ್ರ ನಿಯಮಗಳು ಬರುವುದಕ್ಕೆ ಹಿಂದಿನ, ಬಂದ ಮುಂದಿನ ವರ್ಷಗಳ ಹೋಲಿಕೆ. ಕಂಪನಿಗಳ ಲೆಕ್ಕ ಸಿಗುವ ಪ್ರೊವೆಸ್ ಡೇಟಾಬೇಸ್ ನನ್ನ ಕಂಟಿಂಜೆನ್ಸಿಗೆ ಎಟುಕುವುದಲ್ಲ. ಮುಂಬೈ ಷೇರುಪೇಟೆ ಬಿಎಸ್‌ಇಯ ವೆಬ್‌ಸೈಟ್‌ನಿಂದ ಎಂಬತ್ತರಷ್ಟು ಕಂಪನಿಗಳ ವಾರ್ಷಿಕ ವರದಿ ಇಳಿಸಿದೆ. ಈ ನಡುವೆ ಪೈಥಾನ್ ಪ್ರೋಗ್ರಾಮಿಂಗ್ ಕಲಿತು ವರದಿಗಳ ನೋಟ್ಸ್‌ನಲ್ಲಿರುವ ಟೇಬಲ್‌ಗಳನ್ನು ಎಳೆಯಲು ನೋಡಿದೆ. ಸ್ಕ್ಯಾನ್ ಆದ ಹಳೆಯ ವರದಿಗಳಲ್ಲಿ 3 ಹೋಗಿ 8 ಆಗುತ್ತಿತ್ತು. ಅವನ್ನು ಕೈಯಲ್ಲೇ ಟೈಪ್ ಮಾಡಿದೆ, ತಂಗಿಯೂ ಕೂತಳು. ಉಳಿದವಕ್ಕೆ ಒಂದು ದಾರಿ ಸಿಕ್ಕಿದೆ. ನನ್ನ ಪೇಪರ್ ಪ್ರಕಟವಾಗುವವರೆಗೆ ಅದನ್ನು ಹೇಳುವುದಿಲ್ಲ. ಡೇಟಾಗೆ ಹೋದದ್ದು ಇಂಟರ್ನೆಟ್, ಹಾರ್ಡ್‌ಡಿಸ್ಕ್ ಸೇರಿ ಆರೇಳು ಸಾವಿರ.

ಎರಡು ವರ್ಷ ಮುಗಿದ ಮೇಲೆ ಜೆಆರ್‌ಎಫ್‌ನ ಮುಂದಿನ ಹಂತ ಎಸ್‌ಆರ್‌ಎಫ್, ತಿಂಗಳಿಗೆ 42,000. ಅದಕ್ಕೆ ಕೆಲಸ ನೋಡಿ ಒಪ್ಪುವ ಕಮಿಟಿ ಕೂರಬೇಕು. ಸದಸ್ಯರ ತಾರೀಖು ಸಿಗುವುದೇ ಕಷ್ಟ, ಎರಡು ತಿಂಗಳು ಮೊದಲೇ ಓಡಾಡಿ.